ಫೈಲಿನ ಹಿಂದೆ ನಡೆದು ನೋಡಿ: ಆನ್‌ಲೈನ್ ಅರ್ಜಿ ವ್ಯವಸ್ಥೆಯನ್ನು ಜನರ ಜೊತೆ ಪರೀಕ್ಷಿಸುವುದು ಹೇಗೆ

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಲ್ಲೋ ಬದಿಯಡ್ಕದಲ್ಲೋ, ಜನರ ಸರ್ಕಾರಿ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ತುಂಬಿ ಕೊಡುವ ಒಂದು ಅಕ್ಷಯ ಕೇಂದ್ರಕ್ಕೆ ಹೋಗಿ ಅರ್ಧ ಗಂಟೆ ಕೂತರೆ ಒಂದು ವಿಷಯ ಬೇಗ ಗೊತ್ತಾಗುತ್ತದೆ. ಸರ್ಕಾರದ ವೆಬ್‌ಸೈಟು ಯಾರನ್ನು ಬಳಕೆದಾರರು ಅಂದುಕೊಂಡಿದೆಯೋ ಅವರು ಕಂಪ್ಯೂಟರಿನ ಮುಂದೆ ಇರುವುದೇ ಇಲ್ಲ. ಅವರು ಮೇಜಿನ ಈಚೆ, ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ಹಿಡಿದುಕೊಂಡು ನಿಂತಿರುತ್ತಾರೆ. ಟೈಪ್ ಮಾಡುವವಳು ಕೇಂದ್ರದ ಹುಡುಗಿ. ಮಲಯಾಳದಲ್ಲಿರುವ ಪ್ರಶ್ನೆಯನ್ನು ಓದಿ, ತುಳುವಿನಲ್ಲಿ ಕೇಳಿ, ಉತ್ತರವನ್ನು ಇಂಗ್ಲಿಷಿನಲ್ಲಿ ತುಂಬುತ್ತಾಳೆ. ಮಧ್ಯೆ ಓಟಿಪಿ ಬರುತ್ತದೆ. ಅದು ಬರುವುದು ಮನೆಯಲ್ಲಿ ಚಾರ್ಜಿಗೆ ಇಟ್ಟು ಬಂದ ಫೋನಿಗೆ.

ಇಂಥ ಕಡೆ ಬಳಕೆಯಾಗುವ ಒಂದು ಡಿಜಿಟಲ್ ಸೇವೆಯನ್ನು ಕಟ್ಟುವ ಮೊದಲು ಏನು ತಿಳಿದುಕೊಳ್ಳಬೇಕು? ಕಟ್ಟುತ್ತಿರುವಾಗ ಯಾರ ಕೈಗೆ ಕೊಟ್ಟು ನೋಡಬೇಕು? ಮೊದಲನೆಯದಕ್ಕೆ ಯೂಸರ್ ರಿಸರ್ಚ್ ಅನ್ನುತ್ತಾರೆ, ಎರಡನೆಯದಕ್ಕೆ ಯೂಸಬಿಲಿಟಿ ಟೆಸ್ಟಿಂಗ್. ಎರಡೂ ಕೇಳಲು ದೊಡ್ಡ ಹೆಸರು. ಮಾಡುವ ಕೆಲಸ ಮಾತ್ರ ತೀರಾ ಸರಳ: ಜನ ನಿಜವಾಗಿ ಹೇಗೆ ಕೆಲಸ ಮಾಡುತ್ತಾರೆ ಅಂತ ಪಕ್ಕದಲ್ಲಿ ಕೂತು ನೋಡುವುದು. ಸರಳ ಅಂದೆ, ಸುಲಭ ಅನ್ನಲಿಲ್ಲ.

ಮಾತಾಡಲು ಒಂದು ಉದಾಹರಣೆ ಬೇಕು. ಚಿಕಿತ್ಸೆಯ ಖರ್ಚಿಗೆ ನೆರವು ಕೊಡುವ ಒಂದು ಸೇವೆಯನ್ನು ನಾವೇ ಊಹಿಸಿಕೊಳ್ಳೋಣ. ಕಾಸರಗೋಡು ಜಿಲ್ಲೆಯಲ್ಲಿ, ಆನ್‌ಲೈನಿನಲ್ಲಿ ಅರ್ಜಿ.

ಬಸ್ಸಿನ ಟಿಕೆಟ್ ತೆಗೆಯುವುದಾದರೆ ಎರಡು ನಿಮಿಷದಲ್ಲಿ ಮುಗಿಯಿತು. ಸೀಟು ಇದೆಯೋ ಇಲ್ಲವೋ, ಅಷ್ಟೇ. ನೆರವಿನ ಅರ್ಜಿ ಹಾಗಲ್ಲ. ಅದನ್ನು ಒಬ್ಬರು ಓದಬೇಕು. ಕಾಗದ ಸರಿ ಇದೆಯಾ ನೋಡಬೇಕು. ಇಲ್ಲದಿದ್ದರೆ ಕೇಳಿ ತರಿಸಬೇಕು. ವಿಲ್ಲೇಜ್ ಆಫೀಸಿನವರು ವಿಚಾರಿಸಿ ವರದಿ ಕೊಡಬೇಕು. ಮೇಲಿನವರು ತೀರ್ಮಾನ ಮಾಡಬೇಕು. ಅಷ್ಟರಲ್ಲಿ ಕ್ಲರ್ಕಿಗೆ ವರ್ಗ ಆಗಬಹುದು, ರೋಗಿ ತೀರಿಕೊಳ್ಳಬಹುದು, ಚುನಾವಣೆ ಬರಬಹುದು. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಫೈಲು ಕೈಯಿಂದ ಕೈಗೆ ಹೋಗುತ್ತದೆ. ಪ್ರತಿ ಕೈಯಲ್ಲೂ ಯಾರೋ ಒಬ್ಬರು ಯೋಚಿಸಿ ಒಂದು ತೀರ್ಮಾನ ತೆಗೆದುಕೊಳ್ಳುತ್ತಾರೆ. ಈ ಬಗೆಯ ಕೆಲಸವೇ ಕೇಸ್‌ವರ್ಕ್.

ಹಾಗಾಗಿ ಇಲ್ಲಿ ಬಳಕೆದಾರರು ಒಬ್ಬರಲ್ಲ. ರೋಗಿ ಒಬ್ಬರು. ಅವರ ಪರವಾಗಿ ಓಡಾಡುವ ಮಗಳೋ ಅಳಿಯನೋ ಇನ್ನೊಬ್ಬರು. ಅಕ್ಷಯ ಕೇಂದ್ರದವರು, ಫಾರಂ ಹಿಡಿದು ಬರುವ ವಾರ್ಡ್ ಮೆಂಬರು, ಸೆಕ್ಷನ್ ಕ್ಲರ್ಕ್, ವಿಲ್ಲೇಜ್ ಆಫೀಸರ್, ತಹಶೀಲ್ದಾರರು, ವಿದ್ಯಾನಗರದ ಕಲೆಕ್ಟರೇಟಿನಲ್ಲಿ ಕೂತವರು. ನನಗೆ ಕಾಣುವ ದೊಡ್ಡ ತೊಂದರೆ ಇದು: ಪರೀಕ್ಷೆ ಅಂತ ಏನಾದರೂ ನಡೆದರೆ ಅದು ಅರ್ಜಿ ಹಾಕುವ ಪುಟಕ್ಕೆ ಮಾತ್ರ ನಡೆಯುತ್ತದೆ. ಉದ್ಘಾಟನೆಯ ದಿನ ದೊಡ್ಡ ಪರದೆಯ ಮೇಲೆ ತೋರಿಸುವುದು ಆ ಪುಟವನ್ನೇ ಅಲ್ವಾ! ಕ್ಲರ್ಕ್ ದಿನವಿಡೀ ನೋಡುವ ಒಳಗಿನ ಪುಟಗಳಿಗೆ ಸಿಗುವುದು ಒಂದು ದಿನದ ತರಬೇತಿ ಮತ್ತು ಒಂದು ಪಿಡಿಎಫ್ ಕೈಪಿಡಿ. ನಿಜವಾಗಿ ಪರೀಕ್ಷೆಗೆ ಒಳಪಡಬೇಕಾದದ್ದು ಯಾವುದೋ ಒಂದು ಪುಟವಲ್ಲ, ಫೈಲು ಹೋಗುವ ಇಡೀ ದಾರಿ.

ಕೇಳುವುದಕ್ಕಿಂತ ನೋಡುವುದು ಮೇಲು

"ನಿಮಗೆ ಏನು ಬೇಕು?" ಅಂತ ಕೇಳುವುದು ಸಂಶೋಧನೆ ಅಲ್ಲ. ಕಚೇರಿಯಲ್ಲಿ ಕೇಳಿದರೆ ಪಟ್ಟಿ ಕೊಡುತ್ತಾರೆ. ಅದೂ ಹೆಚ್ಚಾಗಿ ಮೇಲಧಿಕಾರಿಗಳ ಪಟ್ಟಿ: ಇಂಥ ರಿಪೋರ್ಟ್ ಬೇಕು, ಇಂಥ ಬಣ್ಣದಲ್ಲಿ ಬಾಕಿ ತೋರಿಸಬೇಕು. ಪಟ್ಟಿಯನ್ನೇ ನಂಬಿ ಹೊರಟರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಒಂದು ದುಬಾರಿ ಉದಾಹರಣೆ. ತನಿಖೆಯ ಕಡತಗಳನ್ನು ಕಾಗದದಿಂದ ಕಂಪ್ಯೂಟರಿಗೆ ತರಲು ಅವರು ವರ್ಚುವಲ್ ಕೇಸ್ ಫೈಲ್ ಅನ್ನುವ ವ್ಯವಸ್ಥೆಗೆ ಕೈ ಹಾಕಿದರು. ಏನೇನು ಬೇಕು ಅನ್ನುವ ದಾಖಲೆಯೇ 800 ಪುಟ ದಾಟಿತು. ಅದರ ಮೇಲೆ ಬೇಡಿಕೆಗಳು ಬದಲಾಗುತ್ತಲೇ ಹೋದವು. ಸುಮಾರು 17 ಕೋಟಿ ಡಾಲರ್ ಖರ್ಚಾದ ಮೇಲೆ 2005ರಲ್ಲಿ ಅದನ್ನು ಕೈಬಿಟ್ಟರು. ಅದರ ಬದಲಿಗೆ ಬಂದದ್ದು ಸೆಂಟಿನಲ್. ಅದೂ ಮೊದಲು ಕುಂಟಿತು. 2010ರಲ್ಲಿ ಕೆಲಸವನ್ನು ತಮ್ಮ ಕೈಗೇ ತೆಗೆದುಕೊಂಡು, ಎರಡೆರಡು ವಾರಕ್ಕೆ ಸ್ವಲ್ಪ ಸ್ವಲ್ಪ ಕಟ್ಟುತ್ತಾ ತೋರಿಸುತ್ತಾ ಹೋದರು. 2012ರ ಜುಲೈಯಲ್ಲಿ ಅದು ಬಳಕೆಗೆ ಬಂತು.

ಹಾಗಾದರೆ ಏನು ಕೇಳಬೇಕು? ಕಳೆದ ಸಲದ ಬಗ್ಗೆ ಕೇಳಬೇಕು. "ಆನ್‌ಲೈನ್ ಆದರೆ ಬಳಸ್ತೀರಾ?" ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ. "ಹಿಂದೆ ಅರ್ಜಿ ಹಾಕಿದ್ರಲ್ಲ, ಅವತ್ತು ಏನೇನಾಯ್ತು ಹೇಳಿ" ಅಂದರೆ ಕತೆ ಬಿಚ್ಚಿಕೊಳ್ಳುತ್ತದೆ. ಮುಳ್ಳೇರಿಯದಿಂದ ಬಸ್ಸಿಗೆ ಬಂದದ್ದು, ಸರ್ವರ್ ಇಲ್ಲ ಅಂತ ಹಿಂದೆ ಕಳಿಸಿದ್ದು, ಫೋಟೋ ಅಳತೆ ಜಾಸ್ತಿ ಆಯ್ತು ಅಂದದ್ದು, ಕೊನೆಗೆ ಕೇಂದ್ರದವರ ಫೋನ್ ನಂಬರನ್ನೇ ಹಾಕಿ ಮುಗಿಸಿದ್ದು.

ಈ ಕೊನೆಯ ಸಂಗತಿ ಹತ್ತಿರದಿಂದ ನೋಡುವಂಥದ್ದು. ಅರ್ಜಿದಾರರ ಫೋನಿಗೆ ಓಟಿಪಿ ಬರದಿದ್ದಾಗ, ಅಥವಾ ಫೋನು ಗಲ್ಫಿನಲ್ಲಿರುವ ಮಗನ ಹೆಸರಿನಲ್ಲಿದ್ದಾಗ, ಸಹಾಯ ಮಾಡುವವರು ತಮ್ಮದೇ ನಂಬರು ಹಾಕಿಬಿಡುವುದುಂಟು. ಅವರು ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ, ಸಾಲಿನಲ್ಲಿ ಇನ್ನೂ ಹತ್ತು ಜನ ಇದ್ದಾರೆ. ಆದರೆ ಅಲ್ಲಿಂದ ಮುಂದೆ ಫೈಲಿನ ಎಲ್ಲ ಎಸ್ಸೆಮ್ಮೆಸ್ಸೂ ಆ ನಂಬರಿಗೇ ಹೋಗುತ್ತದೆ. "ದಾಖಲೆ ಕಡಿಮೆ ಇದೆ, 15 ದಿನದೊಳಗೆ ಕೊಡಿ" ಅನ್ನುವ ಸಂದೇಶ ನೂರಾರು ಸಂದೇಶಗಳ ನಡುವೆ ಮುಚ್ಚಿಹೋಗುತ್ತದೆ. ಕಚೇರಿಯ ಲೆಕ್ಕದಲ್ಲಿ ಅರ್ಜಿದಾರರಿಗೆ ತಿಳಿಸಿ ಆಯಿತು. ಅರ್ಜಿದಾರರ ಲೆಕ್ಕದಲ್ಲಿ ಆಫೀಸಿನಿಂದ ಸುದ್ದಿಯೇ ಇಲ್ಲ. ಇದು ಫಾರಂ ನೋಡಿದರೆ ಕಾಣುವ ದೋಷ ಅಲ್ಲ. ಪಕ್ಕದಲ್ಲಿ ಕೂತು ನೋಡಿದರೆ ಹತ್ತು ನಿಮಿಷದಲ್ಲಿ ಕಾಣುತ್ತದೆ. ಪರಿಹಾರವೂ ಕಷ್ಟದ್ದಲ್ಲ: ಸಹಾಯ ಮಾಡಿದವರ ನಂಬರಿಗೇ ಬೇರೆ ಜಾಗ ಇಡುವುದು, ಮನೆಯವರ ಇನ್ನೊಂದು ನಂಬರು ಕೇಳುವುದು, ಮುಖ್ಯವಾದ ಸುದ್ದಿಯನ್ನು ಟಪಾಲಿನಲ್ಲೂ ಕಳಿಸುವುದು.

ಅಕ್ಷಯ ಕೇಂದ್ರಗಳು 2002ರಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ಶುರುವಾದಾಗ ಉದ್ದೇಶ ಬೇರೆಯೇ ಇತ್ತು. ಮನೆಗೊಬ್ಬರಿಗಾದರೂ ಕಂಪ್ಯೂಟರ್ ಕಲಿಸಬೇಕು ಅಂತ. ಈಗ ಅವು ಸರ್ಕಾರದ ಕೌಂಟರಿನ ಹಾಗೆ ಆಗಿಬಿಟ್ಟಿವೆ. ಸ್ಥಳೀಯ ಸಂಸ್ಥೆಗಳ ಸೇವೆಗಳನ್ನು ಒಂದೇ ಕಡೆ ತರುವ ಕೆ-ಸ್ಮಾರ್ಟ್ 2024ರ ಜನವರಿಯಲ್ಲಿ ನಗರಸಭೆಗಳಿಗೆ, 2025ರ ಏಪ್ರಿಲಿನಲ್ಲಿ ಗ್ರಾಮ ಪಂಚಾಯತುಗಳಿಗೂ ಬಂತು. ಮೊಬೈಲಿನಲ್ಲೇ ಎಲ್ಲ ಆಗುತ್ತದೆ ಅಂದರೂ ಜನ ಕೇಂದ್ರಕ್ಕೆ ಹೋಗುವುದನ್ನು ನಿಲ್ಲಿಸಿಲ್ಲ. ಆದ್ದರಿಂದ ನಡುವೆ ಕೂತವರನ್ನು ಇಲ್ಲವೆಂದುಕೊಂಡು ಸೇವೆ ಕಟ್ಟಬಾರದು. ಅವರನ್ನೂ ಬಳಕೆದಾರರ ಪಟ್ಟಿಗೆ ಸೇರಿಸಿ ಅವರ ಜೊತೆಗೂ ಪರೀಕ್ಷೆ ಮಾಡಬೇಕು.

ಕಚೇರಿಯ ಒಳಗೆ ನೋಡುವಾಗ ಕಂಪ್ಯೂಟರಿಗಿಂತ ಮೇಜಿನ ಮೇಲೆ ಕಣ್ಣಿರಲಿ. ಕ್ಲರ್ಕಿನ ಪಕ್ಕ ಒಂದು ಉದ್ದ ನೋಟ್‌ಬುಕ್ ಇದೆಯಾ? ಮಾನಿಟರಿಗೆ ಚೀಟಿ ಅಂಟಿಸಿದ್ದಾರಾ? ಯಾವುದೋ ಎಕ್ಸೆಲ್ ಹಾಳೆ ಸದಾ ತೆರೆದೇ ಇದೆಯಾ? ಕಟ್ಟಿದ ವ್ಯವಸ್ಥೆ ಮಾಡದ ಕೆಲಸವನ್ನು ಆ ನೋಟ್‌ಬುಕ್ ಮಾಡುತ್ತಿದೆ. ಅದರಲ್ಲಿ ಏನಿದೆ ಅಂತ ಅನುಮತಿ ಕೇಳಿ ನೋಡಿ. ಬಹುಶಃ ಫೋನ್ ನಂಬರುಗಳು, ಯಾರು ಯಾವಾಗ ಬಂದು ಕೇಳಿದರು, ಯಾವ ಫೈಲು ಯಾವ ಕಾರಣಕ್ಕೆ ಕಾಯುತ್ತಿದೆ. ಅಷ್ಟನ್ನು ಹಿಡಿದುಕೊಂಡು ಹೋದರೆ ಅರ್ಧ ವಿನ್ಯಾಸ ಸಿಕ್ಕ ಹಾಗೆಯೇ.

ಇನ್ನು ಯಾರನ್ನು ಹುಡುಕಬೇಕು ಅನ್ನುವುದು. ಪಂಚಾಯತಿಗೆ ಹೇಳಿದರೆ ಹತ್ತು ಜನರನ್ನು ಸಂಜೆಯೊಳಗೆ ಕರೆಸಿ ಕೊಡುತ್ತಾರೆ. ಎಲ್ಲರೂ ಮಾತು ಬಲ್ಲವರು, ಕೆಲಸ ಆದವರು. ನಮಗೆ ಜಾಸ್ತಿ ಬೇಕಾಗಿರುವುದು ಅರ್ಧಕ್ಕೆ ಬಿಟ್ಟವರು ಮತ್ತು ಅರ್ಜಿಯನ್ನೇ ಹಾಕದವರು. ಅವರು ಯಾವ ಕಂಪ್ಯೂಟರಿನ ದಾಖಲೆಯಲ್ಲೂ ಇರುವುದಿಲ್ಲ. ಆಶಾ ಕಾರ್ಯಕರ್ತೆಯರಿಗೆ, ಅಂಗನವಾಡಿ ಟೀಚರಿಗೆ, ಹೆಂಗಸರ ಸ್ವಸಹಾಯ ಗುಂಪುಗಳಾದ ಕುಟುಂಬಶ್ರೀಯವರಿಗೆ, ಕೊರಗ ಸಮುದಾಯದವರು ಇರುವ ಕಡೆ ಪರಿಶಿಷ್ಟ ಪಂಗಡದವರಿಗೆ ಸರ್ಕಾರದ ಸೇವೆ ತಲುಪಿಸಲು ನೆರವಾಗುವ ಎಸ್‌ಟಿ ಪ್ರಮೋಟರಿಗೆ ಗೊತ್ತಿರುತ್ತದೆ. ಬಂದವರಿಗೆ ಬಸ್ ಚಾರ್ಜೂ ಆ ದಿನದ ಕೂಲಿಯೂ ಕೊಡಿ. ಎರಡು ಗಂಟೆ ಕೂರಿಸಿ ಚಾ ಕುಡಿಸಿ ಕಳಿಸಿದರೆ ನಾಳೆ ಬರುವವರು ಬೇರೆ ಕೆಲಸ ಇಲ್ಲದವರು ಮಾತ್ರ.

ಎಂಡೋಸಲ್ಫಾನ್ ಕೀಟನಾಶಕದ ತೊಂದರೆಗೆ ಒಳಗಾದ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಯಂಥ ಪಂಚಾಯತುಗಳಲ್ಲಿ ಇನ್ನೂ ಸ್ವಲ್ಪ ಜಾಗ್ರತೆ ಬೇಕು. ಅಲ್ಲಿನ ಎಷ್ಟೋ ಮನೆಗಳಲ್ಲಿ ಅರ್ಜಿ ಹಾಕುವುದು ತಾಯಂದಿರು. ಫೈಲು ಇರುವುದು ಮಕ್ಕಳ ಹೆಸರಿನಲ್ಲಿ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ 5 ಲಕ್ಷ ರೂಪಾಯಿ ಪರಿಹಾರವನ್ನು ಮೂರು ತಿಂಗಳೊಳಗೆ ಕೊಡಬೇಕು ಅಂದಮೇಲೂ ಜನ ವರ್ಷಗಟ್ಟಲೆ ಓಡಾಡಿದ್ದಾರೆ. ಅದೇ ಕತೆಯನ್ನು ಪತ್ರಕರ್ತರಿಗೆ, ಡಾಕ್ಟರಿಗೆ, ಅಧಿಕಾರಿಗಳಿಗೆ ಹೇಳಿ ಹೇಳಿ ಸಾಕಾದವರು ಅವರು. ಸುಮ್ನೆ ಇನ್ನೊಂದು ಸಲ ಹೇಳಿಸಬೇಡಿ. ಈಗಾಗಲೇ ಕಚೇರಿಯಲ್ಲಿರುವ ದಾಖಲೆಯಿಂದ ತಿಳಿಯುವುದನ್ನು ಅವರ ಬಾಯಿಂದ ಕೇಳುವುದು ಸಂಶೋಧನೆಯ ಸೋಮಾರಿತನ.

ಸುಳ್ಳು ಕೇಸು, ನಿಜವಾದ ಗೋಜಲು

ಕಟ್ಟಲು ಶುರು ಮಾಡಿದ ಮೇಲೆ ಪರೀಕ್ಷೆ. ಮೊದಲನೆಯ ಸುತ್ತಿಗೆ ಕಂಪ್ಯೂಟರೇ ಬೇಡ. ಪುಟಗಳನ್ನು ಕಾಗದದ ಮೇಲೆ ಬರೆದು ಮುಂದಿಟ್ಟು, "ಈಗ ಎಲ್ಲಿ ಒತ್ತುತ್ತೀರಿ?" ಅಂತ ಕೇಳಿದರೂ ಸಾಕು. ಕಾಗದದ ಮೇಲೆ ಇದ್ದರೆ ಜನ ಧೈರ್ಯವಾಗಿ ತಪ್ಪು ತೋರಿಸುತ್ತಾರೆ. ಮುಗಿದ ಹಾಗೆ ಕಾಣುವ ಪರದೆಯನ್ನು ತೋರಿಸಿದರೆ "ಚೆನ್ನಾಗಿದೆ ಸಾರ್" ಅನ್ನುತ್ತಾರೆ.

ನಿಜವಾದ ಅರ್ಜಿಗಳನ್ನು ಪರೀಕ್ಷೆಗೆ ಬಳಸಬಾರದು. ಒಬ್ಬರ ಕಾಯಿಲೆ, ಆದಾಯ, ಬ್ಯಾಂಕ್ ಖಾತೆ ಎಲ್ಲ ಅದರಲ್ಲಿದೆ. ಖಾಸಗಿ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾನೂನೇ ಬಂದಿದೆ. ಕಾನೂನು ಇಲ್ಲದಿದ್ದರೂ ಅದು ಸರಿಯಲ್ಲ. ಹಾಗಾಗಿ ಸುಳ್ಳು ಕೇಸುಗಳನ್ನು ತಯಾರಿಸಬೇಕು. ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಹೆಸರು 'ಟೆಸ್ಟ್ ಒಂದು', ವಿಳಾಸ 'ಎಬಿಸಿ', ದಾಖಲೆಯ ಜಾಗದಲ್ಲಿ ಖಾಲಿ ಪಿಡಿಎಫ್. ಅಂಥ ಕೇಸು ಯಾವ ವ್ಯವಸ್ಥೆಯಲ್ಲೂ ಸಲೀಸಾಗಿ ಹೋಗುತ್ತದೆ. ಕೇಸು ಸುಳ್ಳಾಗಿರಲಿ, ಗೋಜಲು ನಿಜವಾಗಿರಲಿ.

ನಮ್ಮ ಜಿಲ್ಲೆಯ ಗೋಜಲಿಗೇನೂ ಬರ ಇಲ್ಲ. ಐತಪ್ಪ ಅನ್ನುವ ಹೆಸರನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬರು ಟಿ ಪಕ್ಕ ಎಚ್ ಹಾಕುತ್ತಾರೆ, ಇನ್ನೊಬ್ಬರು ಹಾಕುವುದಿಲ್ಲ. ರೇಷನ್ ಕಾರ್ಡಿನಲ್ಲಿ ಒಂದು ರೀತಿ, ಆಧಾರಿನಲ್ಲಿ ಇನ್ನೊಂದು ರೀತಿ. ಮಲಯಾಳ ಲಿಪಿಗೆ ಹೋಗಿ ಮತ್ತೆ ಕನ್ನಡಕ್ಕೆ ಬರುವಾಗ ಮೂರನೆಯ ರೀತಿ. ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ. ಚಿಕಿತ್ಸೆ ನಡೆದದ್ದು ಮಂಗಳೂರಿನಲ್ಲಿ, ಯಾಕೆಂದರೆ ಇಲ್ಲಿನವರು ದೊಡ್ಡ ಕಾಯಿಲೆಗೆ ಕರ್ನಾಟಕದ ಗಡಿಯಲ್ಲಿರುವ ತಲಪಾಡಿ ದಾಟಿಯೇ ಹೋಗುವುದು. ಡಿಸ್ಚಾರ್ಜ್ ಕಾಗದವನ್ನು ಫೋನಿನಲ್ಲಿ ಓರೆಯಾಗಿ ಫೋಟೋ ತೆಗೆದಿದ್ದಾರೆ, ಮೂಲೆಯಲ್ಲಿ ಹೆಬ್ಬೆರಳೂ ಬಂದಿದೆ. ಇದನ್ನೆಲ್ಲ ಸೇರಿಸಿ ಒಂದು ಸುಳ್ಳು ಫೈಲು ಮಾಡಿ.

ಈಗ ಅದನ್ನು ಒಬ್ಬ ಕ್ಲರ್ಕಿನ ಮುಂದೆ ಇಟ್ಟಿದ್ದೀರಿ ಅಂತಿಟ್ಟುಕೊಳ್ಳಿ. ಹೇಳುವುದು ಇಷ್ಟೇ: "ಈ ಅರ್ಜಿ ನಿಮ್ಮ ಹತ್ತಿರ ಬಂದಿದೆ. ದಿನಾ ಹೇಗೆ ಮಾಡುತ್ತೀರೋ ಹಾಗೆ ಮಾಡಿ. ಮನಸ್ಸಿನಲ್ಲಿ ಬಂದದ್ದನ್ನು ಬಾಯಲ್ಲಿ ಹೇಳುತ್ತಾ ಹೋಗಿ." ಎಲ್ಲಿ ಒತ್ತಬೇಕು ಅಂತ ಹೇಳಬಾರದು. ಅವರು ತಡಕಾಡಿದಾಗ ಸುಮ್ಮನಿರಬೇಕು. ಇದು ಕಷ್ಟ, ಕೈ ತುರಿಸುತ್ತದೆ. "ಮೇಡಂ, ಮೇಲ್ಗಡೆ ಬಲಕ್ಕೆ" ಅಂದುಬಿಟ್ಟರೆ ಪರೀಕ್ಷೆ ಅಲ್ಲಿಗೇ ಕೆಟ್ಟಿತು. ಶುರುವಿನಲ್ಲೇ ಇನ್ನೊಂದು ಮಾತು ಹೇಳಿಬಿಡಿ: ಪರೀಕ್ಷೆ ನಿಮಗಲ್ಲ, ಈ ಪರದೆಗೆ. ಸರ್ಕಾರಿ ಕಚೇರಿಯಲ್ಲಿ ಇದನ್ನು ಎರಡು ಸಲ ಹೇಳಬೇಕಾಗುತ್ತದೆ. ಮೇಲಧಿಕಾರಿ ಹಿಂದೆ ನಿಂತಿದ್ದರೆ ಹತ್ತು ಸಲ ಹೇಳಿದರೂ ಪ್ರಯೋಜನ ಇಲ್ಲ, ಅವರನ್ನು ಹೊರಗೆ ಕಳಿಸಬೇಕು.

ಮೇಡಂ ಬಿಲ್ಲು ತೆರೆಯುತ್ತಾರೆ. ಅದು ಹೊಸ ಟ್ಯಾಬಿನಲ್ಲಿ ತೆರೆದುಕೊಳ್ಳುತ್ತದೆ, ಫಾರಂ ಮರೆಯಾಗುತ್ತದೆ. ಅವರು ಪೆನ್ನು ತೆಗೆದು ಬಿಲ್ಲಿನ ಮೊತ್ತವನ್ನು ಹಳೆ ಲಕೋಟೆಯ ಹಿಂದೆ ಬರೆದುಕೊಳ್ಳುತ್ತಾರೆ. ಮತ್ತೆ ಫಾರಮ್ಮಿಗೆ ಬಂದು ಅದನ್ನು ನೋಡಿ ಟೈಪು ಮಾಡುತ್ತಾರೆ. ಕೇಳಿದರೆ "ತೊಂದರೆ ಏನಿಲ್ಲ" ಅಂದಾರು, ಯಾಕೆಂದರೆ ಅವರಿಗೆ ಅಭ್ಯಾಸ ಆಗಿದೆ. ನೋಡುವವರು ಬರೆದುಕೊಳ್ಳಬೇಕಾದ್ದು ಆ ಪೆನ್ನನ್ನು. ದಾಖಲೆ ಒಂದು ಬದಿ, ಫಾರಂ ಇನ್ನೊಂದು ಬದಿ ಒಟ್ಟಿಗೆ ಕಾಣಬೇಕು ಅನ್ನುವುದು ಅಲ್ಲಿಂದ ತಿಳಿಯಿತು.

ಮುಂದೆ ಪಟ್ಟಿಯಿಂದ ಒಂದನ್ನು ಆರಿಸಬೇಕಾದ 'ಆಸ್ಪತ್ರೆ ಇರುವ ಜಿಲ್ಲೆ' ಅನ್ನುವ ಡ್ರಾಪ್‌ಡೌನ್. ಅದರಲ್ಲಿ ಕೇರಳದ 14 ಜಿಲ್ಲೆಗಳಿವೆ. ದಕ್ಷಿಣ ಕನ್ನಡ ಇಲ್ಲ. ಮೇಡಂ ಒಂದು ಕ್ಷಣ ನೋಡಿ, ಕಾಸರಗೋಡು ಅಂತ ಒತ್ತಿ ಮುಂದೆ ಹೋಗುತ್ತಾರೆ. ಯಾವ ಎಚ್ಚರಿಕೆಯೂ ಬರುವುದಿಲ್ಲ, ಕೆಂಪು ಅಕ್ಷರವೂ ಮೂಡುವುದಿಲ್ಲ. ತಂತ್ರಾಂಶದ ದೃಷ್ಟಿಯಲ್ಲಿ ಎಲ್ಲ ಸರಿ. ಆದರೆ ಆ ಒಂದು ಒತ್ತಿನಿಂದ ಒಂದು ಸುಳ್ಳು ದಾಖಲೆಗೆ ಸೇರಿತು. ಇಂಥ ಸಾವಿರ ಸೇರಿದ ಮೇಲೆ ಯಾರೋ ತಿರುವನಂತಪುರದಲ್ಲಿ ಕೂತು, ಕಾಸರಗೋಡಿನವರಿಗೆ ಜಿಲ್ಲೆಯೊಳಗೇ ಚಿಕಿತ್ಸೆ ಸಿಗುತ್ತಿದೆ ಅಂತ ವರದಿ ಬರೆಯಬಹುದು. ಕೆಲಸ ನಿಂತರೆ ಎಲ್ಲರಿಗೂ ಗೊತ್ತಾಗುತ್ತದೆ. ನಿಲ್ಲದೆ ತಪ್ಪಾಗಿ ಮುಂದೆ ಹೋಗುವುದು ಕೇಸ್‌ವರ್ಕಿನಲ್ಲಿ ಅದಕ್ಕಿಂತ ದೊಡ್ಡ ಅಪಾಯ.

ಇನ್ನೊಂದು ವಿಷಯ. ನಿಶ್ಶಬ್ದವಾದ ಕೋಣೆಯಲ್ಲಿ ಒಂದೇ ಕೇಸು ಕೊಟ್ಟು ಪರೀಕ್ಷೆ ಮಾಡಿದರೆ ಕಚೇರಿಯ ಕೆಲಸವನ್ನು ಪರೀಕ್ಷಿಸಿದ ಹಾಗಲ್ಲ. ಕಚೇರಿಯಲ್ಲಿ ಮಧ್ಯೆ ಫೋನು ಬರುತ್ತದೆ, ಕೌಂಟರಿಗೆ ಯಾರೋ ಬರುತ್ತಾರೆ, ಕರಂಟು ಹೋಗುತ್ತದೆ. ಆದ್ದರಿಂದ ಬೇಕಂತಲೇ ಮಧ್ಯದಲ್ಲಿ ನಿಲ್ಲಿಸಿ. ಬೇರೆ ಫೈಲು ಕೊಡಿ. ಆಮೇಲೆ ಮೊದಲನೆಯದಕ್ಕೆ ವಾಪಸ್ ಕಳಿಸಿ. ಎಲ್ಲಿ ಬಿಟ್ಟಿದ್ದೆ ಅಂತ ಪರದೆ ಹೇಳುತ್ತದಾ? ಬರೆದದ್ದು ಉಳಿದಿದೆಯಾ? ಮರುದಿನ ಅದೇ ಫೈಲನ್ನು ಇನ್ನೊಬ್ಬ ಕ್ಲರ್ಕಿಗೆ ಕೊಡಿ. ಹಿಂದಿನವರು ಏನು ಮಾಡಿದರು, ಯಾಕೆ ಮಾಡಿದರು ಅಂತ ಅವರಿಗೆ ಯಾರನ್ನೂ ಕೇಳದೆ ಅರ್ಥ ಆಗುತ್ತದಾ ನೋಡಿ. ವರ್ಗಾವಣೆ ಜಾಸ್ತಿ ಇರುವ ಜಿಲ್ಲೆಗೆ ಈ ಪರೀಕ್ಷೆ ತುಂಬಾ ಮುಖ್ಯ.

ಬಿಡಿ ಭಾಗಗಳನ್ನು ಮಾತ್ರ ನೋಡಿ ಇಡೀ ದಾರಿಯನ್ನು ನೋಡದಿದ್ದರೆ ಏನಾಗುತ್ತದೆ ಅನ್ನುವುದು 2013ರ ಅಕ್ಟೋಬರ್ 1ರಂದು ಅಮೆರಿಕದಲ್ಲಿ ಕಂಡಿತು. ಆರೋಗ್ಯ ವಿಮೆಗೆ ಸೇರುವ ಸರ್ಕಾರಿ ಜಾಲತಾಣ ಹೆಲ್ತ್‌ಕೇರ್ ಡಾಟ್ ಗವ್ ಅವತ್ತು ಶುರುವಾಯಿತು. ಮೊದಲ ದಿನ ಕೊನೆಯವರೆಗೆ ಹೋಗಿ ವಿಮೆಗೆ ಸೇರಿದವರು 6 ಮಂದಿ. ಆದಿಯಿಂದ ಅಂತ್ಯದವರೆಗಿನ ಪರೀಕ್ಷೆಗೆ ಸಿಕ್ಕಿದ್ದು ಕೊನೆಯ ಎರಡು ವಾರ ಮಾತ್ರ ಅಂತ ಗುತ್ತಿಗೆದಾರ ಕಂಪನಿಗಳೇ ಆಮೇಲೆ ಸಂಸತ್ತಿನ ಸಮಿತಿಯ ಮುಂದೆ ಹೇಳಿದವು.

ಎಷ್ಟು ಜನ ಸಾಕು?

ಈ ಪ್ರಶ್ನೆ ಯಾವಾಗಲೂ ಬರುತ್ತದೆ. ಐದು ಜನ ಸಾಕು ಅನ್ನುವುದು ಪ್ರಸಿದ್ಧ ಉತ್ತರ. ಅದು ಯೂಸಬಿಲಿಟಿ ತಜ್ಞ ಯಾಕೊಬ್ ನೀಲ್ಸನ್ 2000ದಲ್ಲಿ ಜನಪ್ರಿಯ ಮಾಡಿದ್ದು. ಲೆಕ್ಕ ಹೀಗಿದೆ. ನೀಲ್ಸನ್ ಮತ್ತು ಅವರ ಜೊತೆಗಾರ ಸಂಶೋಧಕ ಲ್ಯಾಂಡಾವರ್ ನೋಡಿದ ಯೋಜನೆಗಳಲ್ಲಿ ಒಬ್ಬರನ್ನು ಕೂರಿಸಿ ಪರೀಕ್ಷಿಸಿದರೆ ಸರಾಸರಿ ನೂರಕ್ಕೆ 31 ದೋಷಗಳು ಕಂಡವು. ಅಂದರೆ 69 ಕಣ್ಣು ತಪ್ಪಿಸುತ್ತವೆ. ಎರಡನೆಯವರು ಆ 69ರಲ್ಲಿ ನೂರಕ್ಕೆ 31 ಪಾಲನ್ನು ಹಿಡಿಯುತ್ತಾರೆ. ಹೀಗೆ ಹೋದರೆ ಐದನೆಯವರ ಹೊತ್ತಿಗೆ ನೂರಕ್ಕೆ ಸುಮಾರು 85 ಸಿಕ್ಕಿರುತ್ತದೆ. ಹದಿನೈದು ಜನರನ್ನು ಒಂದೇ ಸಲ ಕರೆಯುವ ಬದಲು, ಐದು ಜನರ ಜೊತೆ ನೋಡಿ, ತಿದ್ದಿ, ಮತ್ತೆ ಐದು ಜನರನ್ನು ಕರೆಯುವುದು ಮೇಲು ಅನ್ನುವುದು ಅವರ ವಾದ.

ವಾದ ಒಳ್ಳೆಯದೇ. ಆದರೆ ಜನ ಅದರ ಮುಂದಿನ ಸಾಲನ್ನು ಓದುವುದಿಲ್ಲ. ಬೇರೆ ಬೇರೆ ಬಗೆಯ ಬಳಕೆದಾರರಿದ್ದರೆ ಪ್ರತಿ ಗುಂಪಿನಿಂದಲೂ ಮೂರೋ ನಾಲ್ಕೋ ಜನ ಬೇಕು ಅಂತ ನೀಲ್ಸನ್ ಅಲ್ಲೇ ಹೇಳಿದ್ದಾರೆ. ಮೇಲಾಗಿ 31 ಅನ್ನುವುದು ಸರಾಸರಿ. 2003ರಲ್ಲಿ ಸಂಶೋಧಕಿ ಲಾರಾ ಫಾಕ್ನರ್ ಮಾಡಿದ ಅಧ್ಯಯನದಲ್ಲಿ ಐವರ ಕೆಲವು ಗುಂಪುಗಳು ನೂರಕ್ಕೆ 99 ದೋಷ ಹಿಡಿದವು, ಕೆಲವು 55 ಮಾತ್ರ. ಯಾರನ್ನು ಕೂರಿಸಿದಿರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಕಾಸರಗೋಡು ಪೇಟೆಯ ಐವರು ಪದವೀಧರರನ್ನು ಕೂರಿಸಿ 85 ಸಿಕ್ಕಿತು ಅಂದುಕೊಂಡರೆ ಅದು ನಮಗೆ ನಾವೇ ಹಾಕಿಕೊಂಡ ಟೊಪ್ಪಿ. ನನ್ನ ಲೆಕ್ಕದಲ್ಲಿ ನಮ್ಮ ಉದಾಹರಣೆಗೆ ಅರ್ಜಿದಾರರ ಮನೆಯವರು, ಅಕ್ಷಯದವರು, ಕ್ಲರ್ಕುಗಳು, ವಿಲ್ಲೇಜ್ ಆಫೀಸಿನವರು ಅಂತ ನಾಲ್ಕು ಗುಂಪು. ಒಂದು ಸುತ್ತಿಗೆ ಹನ್ನೆರಡು ಜನ. ಅದರಲ್ಲಿ ಕಣ್ಣು ಕಾಣದವರೊಬ್ಬರು, ಓದಲು ಬಾರದವರೊಬ್ಬರು ಇರಲೇಬೇಕು. ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ಎನ್‌ವಿಡಿಎ ಅನ್ನುವ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಕನ್ನಡದ ದನಿಯೂ ಇದೆ. ಆದರೆ ನಿಮ್ಮ ಫಾರಮ್ಮಿನಲ್ಲಿ ಬಟನ್ನಿನ ಬದಲು ಚಿತ್ರ ಹಾಕಿದ್ದರೆ ಅದಕ್ಕೆ ಓದಲು ಏನೂ ಇರುವುದಿಲ್ಲ.

ಕನ್ನಡದಲ್ಲಿ ಬರೆದದ್ದನ್ನು ಯಾರು ಓದುತ್ತಾರೆ?

ಕೇರಳದ 1969ರ ಅಧಿಕೃತ ಭಾಷಾ ಕಾನೂನಿನ ಪ್ರಕಾರ ಇಲ್ಲಿನ ಕನ್ನಡಿಗರು ಸರ್ಕಾರದ ಜೊತೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡಬಹುದು. ಉತ್ತರವೂ ಕನ್ನಡದಲ್ಲೇ ಬರಬೇಕು. ಯಾರೇ ಆಗಲಿ ದೂರು, ಮನವಿಯನ್ನು ರಾಜ್ಯದಲ್ಲೋ ಕೇಂದ್ರದಲ್ಲೋ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು ಅಂತ ಸಂವಿಧಾನದ 350ನೇ ವಿಧಿಯೂ ಹೇಳುತ್ತದೆ. ತಂತ್ರಾಂಶ ಮಾಡುವವರು ಇದನ್ನು ಕೇಳಿದ ಕೂಡಲೇ ಮೇಲೆ ಮೂಲೆಯಲ್ಲಿ 'ಕನ್ನಡ' ಅಂತ ಒಂದು ಬಟನ್ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಅದನ್ನು ಒತ್ತಿದರೆ ಹೆಡ್ಡಿಂಗುಗಳು ಕನ್ನಡಕ್ಕೆ ಬರುತ್ತವೆ.

ಫೈಲಿನ ಹಿಂದೆ ನಡೆದು ನೋಡಿದರೆ ಪ್ರಶ್ನೆ ಬೇರೆಯೇ. 'ನಿಮ್ಮ ಪರಿಸ್ಥಿತಿ ವಿವರಿಸಿ' ಅನ್ನುವ ಜಾಗದಲ್ಲಿ ವರ್ಕಾಡಿಯ ಒಬ್ಬರು ಕನ್ನಡದಲ್ಲಿ ಹತ್ತು ಸಾಲು ಬರೆಯುತ್ತಾರೆ. ಅದು ಹೋಗಿ ತಲುಪುವುದು ಕೊಲ್ಲಂ ಜಿಲ್ಲೆಯಿಂದ ವರ್ಗವಾಗಿ ಬಂದ, ಕನ್ನಡ ಅಕ್ಷರವೇ ಗೊತ್ತಿಲ್ಲದ ಒಬ್ಬ ಅಧಿಕಾರಿಗೆ. ಅವರು ಏನು ಮಾಡುತ್ತಾರೆ? ಪಕ್ಕದ ಮೇಜಿನವರನ್ನು ಕರೆಯಬಹುದು. ತಮ್ಮ ಫೋನು ತೆಗೆದು ಪರದೆಯ ಫೋಟೋ ಹೊಡೆದು ಅನುವಾದದ ಆ್ಯಪಿಗೆ ಕೊಡಬಹುದು. ಹಾಗೆ ಮಾಡಿದರೆ ಒಬ್ಬ ರೋಗಿಯ ಗುಟ್ಟು ಖಾಸಗಿ ಫೋನಿಗೆ, ಅಲ್ಲಿಂದ ಇನ್ನೆಲ್ಲಿಗೋ ಹೋಯಿತು. ಅಥವಾ ಓದದೆ ಮುಂದಕ್ಕೆ ಕಳಿಸಬಹುದು. ಈ ಮೂರರಲ್ಲಿ ಯಾವುದು ಆಗುತ್ತದೆ ಅಂತ ತಿಳಿಯಲು ಒಂದೇ ದಾರಿ. ಕನ್ನಡದಲ್ಲಿ ಬರೆಯುವವರನ್ನೂ ಕನ್ನಡ ಬಾರದ ಅಧಿಕಾರಿಯನ್ನೂ ಒಂದೇ ಪರೀಕ್ಷೆಯ ಎರಡು ತುದಿಯಲ್ಲಿ ಕೂರಿಸಿ, ಹೋದ ಪತ್ರ ಕನ್ನಡದ ಉತ್ತರವಾಗಿ ವಾಪಸ್ ಬರುವವರೆಗೆ ನೋಡಬೇಕು. ಕನ್ನಡ ಬಲ್ಲ ಸಿಬ್ಬಂದಿಗೆ ಆ ಅರ್ಜಿ ತಾನಾಗಿ ಹೋಗುವ ಹಾಗೆ ಮಾಡಬೇಕೋ, ಅನುವಾದವನ್ನು ಒಳಗೇ ಇಡಬೇಕೋ ಅನ್ನುವುದು ಆಮೇಲಿನ ಮಾತು.

ಅಕ್ಷರದ ಕಾಟವೂ ಸಣ್ಣದಲ್ಲ. ಡಿಟಿಪಿ ಅಂಗಡಿಯಲ್ಲಿ ಹಳೆ ಫಾಂಟಿನಲ್ಲಿ ಟೈಪು ಮಾಡಿಸಿದ ಮನವಿಯನ್ನು ಕಾಪಿ ಮಾಡಿ ಫಾರಮ್ಮಿಗೆ ಹಾಕಿದರೆ, ಅದು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಕಾರಣ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಸುಳ್ಳು ಕೇಸುಗಳಲ್ಲಿ ಇಂಥದ್ದೂ ಒಂದಿರಲಿ. ಸಂದರ್ಶನ ಮಾಡುವವರಿಗೂ ಭಾಷೆ ಬೇಕು. ಪೈವಳಿಕೆಯಲ್ಲಿ ಒಬ್ಬ ಅಜ್ಜಿಯ ಹತ್ತಿರ ಪುಸ್ತಕದ ಕನ್ನಡದಲ್ಲಿ ಕೇಳಿದರೆ ಆಫೀಸಿನವರು ಬಂದಿದ್ದಾರೆ ಅಂತ ಉತ್ತರವೂ ಆಫೀಸಿನ ಹಾಗೆ ಬರುತ್ತದೆ. ತುಳುವಿನಲ್ಲಿ ಮಾತಾಡಿಸಿದರೆ ಅದೇ ಅಜ್ಜಿ ಬೈಯಲೂ ಶುರು ಮಾಡುತ್ತಾರೆ. ನಮಗೆ ಬೇಕಾದದ್ದು ಅದೇ.

ನಿಂತ ಗಡಿಯಾರ

ಸೇವೆ ಶುರುವಾದ ಮೇಲೆ ಅಂಕಿಗಳು ಬರತೊಡಗುತ್ತವೆ. ಇಷ್ಟು ಅರ್ಜಿ, ಇಷ್ಟು ವಿಲೇವಾರಿ, ಇಷ್ಟು ಬಾಕಿ. ಇವನ್ನು ಮೇಲ್ನೋಟಕ್ಕೆ ನಂಬಬೇಡಿ. ಪ್ರತಿ ಫೈಲಿಗೆ ಇಷ್ಟು ದಿನ ಅಂತ ಗಡುವು ಇದ್ದರೆ, ಅರ್ಜಿದಾರರಿಂದ ದಾಖಲೆ ಕೇಳಿದ ಕೂಡಲೇ ದಿನದ ಎಣಿಕೆ ನಿಲ್ಲುವ ಹಾಗೆ ತಂತ್ರಾಂಶ ಬರೆದಿದ್ದರೆ, ಗಡುವಿನ ಹಿಂದಿನ ದಿನ ಫೈಲುಗಳು ಪ್ರಶ್ನೆ ಹೊತ್ತು ಕೆಳಗೆ ಇಳಿಯತೊಡಗುತ್ತವೆ. "ರೇಷನ್ ಕಾರ್ಡಿನ ಸ್ಪಷ್ಟ ಪ್ರತಿ ಕೊಡಿ." ಬಾಕಿ ಸೊನ್ನೆ. ಕ್ಲರ್ಕನ್ನು ಬೈದು ಫಲವಿಲ್ಲ. ಗಡಿಯಾರ ಕಟ್ಟಿದವರು ನಾವು, ಅವರು ಅದರ ಜೊತೆ ಬದುಕುತ್ತಿದ್ದಾರೆ. ಹಾಗಾಗಿ ಬಾಕಿಯ ಜೊತೆ ಇನ್ನೂ ಕೆಲವನ್ನು ಎಣಿಸಬೇಕು: ಒಂದು ಅರ್ಜಿ ಎಷ್ಟು ಸಲ ಹಿಂದೆ ಹೋಯಿತು, ಯಾವ ದಾಖಲೆಗಾಗಿ ಹೋಯಿತು, ಅರ್ಜಿದಾರರು ಎಷ್ಟು ಸಲ ಬಂದು ವಿಚಾರಿಸಿದರು, ಅರ್ಜಿ ಹಾಕಿದ ದಿನದಿಂದ ಹಣ ಕೈಗೆ ಬಂದ ದಿನದವರೆಗೆ ಒಟ್ಟು ಎಷ್ಟು ದಿನ.

ಹೀಗೆ ನೋಡುತ್ತಾ ಹೋದಾಗ ಸಿಗುವ ಎಷ್ಟೋ ದೋಷಗಳು ಪರದೆಯಲ್ಲಿ ಇರುವುದೇ ಇಲ್ಲ, ನಿಯಮದಲ್ಲಿರುತ್ತವೆ. ವಿಲ್ಲೇಜ್ ಆಫೀಸರ್ ಕೊಟ್ಟ ಆದಾಯ ಸರ್ಟಿಫಿಕೇಟನ್ನು ಅರ್ಜಿಯ ಜೊತೆ ಕೇಳುತ್ತಾರೆ ಅಂತಿಟ್ಟುಕೊಳ್ಳಿ. ಆಮೇಲೆ ಆದಾಯದ ಬಗ್ಗೆ ವಿಚಾರಣೆಗೆ ಫೈಲನ್ನು ಅದೇ ವಿಲ್ಲೇಜ್ ಆಫೀಸಿಗೆ ಕಳಿಸುತ್ತಾರೆ. ಎಷ್ಟು ಚಂದದ ಪುಟ ಮಾಡಿದರೂ ಇದು ಸರಿ ಹೋಗುವುದಿಲ್ಲ. ಸುತ್ತೋಲೆ ಬದಲಾಗಬೇಕು. ಹಾಗಾಗಿ ಪರೀಕ್ಷೆ ನಡೆಯುವಾಗ ತಂತ್ರಾಂಶದವರ ಜೊತೆ ಸುತ್ತೋಲೆ ಬರೆಯುವ ಸೆಕ್ಷನ್ನಿನವರೊಬ್ಬರೂ ಸುಮ್ಮನೆ ಕೂತು ನೋಡಲಿ. ನಲವತ್ತು ಪುಟದ ವರದಿ ಓದಿ ಕದಲದವರು, ಒಬ್ಬ ಕ್ಲರ್ಕ್ ತಮ್ಮದೇ ನಿಯಮದ ಮುಂದೆ ಕಂಗಾಲಾಗುವುದನ್ನು ನೋಡಿ ಕದಲಿಯಾರು.

ಇದಕ್ಕೆಲ್ಲ ಹಣ ಬೇಕು, ಆ ಹಣವನ್ನು ಟೆಂಡರ್ ಬರೆಯುವಾಗಲೇ ಇಡಬೇಕು. ಶುರುವಾಗುವ ಮೊದಲು ಇಷ್ಟು ಸುತ್ತು, ಶುರುವಾದ ಮೇಲೆ ವರ್ಷಕ್ಕೆ ಇಷ್ಟು ಸುತ್ತು, ಪ್ರತಿ ಸುತ್ತಿನ ನಂತರ ತಿದ್ದುಪಡಿ ಕಂಪನಿಯ ಹೊಣೆ ಅಂತ ಸ್ಪಷ್ಟವಾಗಿ ಬರೆದಿರಬೇಕು. ಆ ಸಾಲು ಬಿಟ್ಟುಹೋದ ಟೆಂಡರಿಗೆ ಸಹಿ ಬಿದ್ದ ಮೇಲೆ, ಡ್ರಾಪ್‌ಡೌನಿಗೆ ದಕ್ಷಿಣ ಕನ್ನಡ ಅಂತ ಒಂದು ಹೆಸರು ಸೇರಿಸಲೂ ಹೊಸ ಎಸ್ಟಿಮೇಟು, ಹೊಸ ಮಂಜೂರಾತಿ ಬೇಕಾಗುತ್ತದೆ.